ಮಕ್ಕಳಿಗೆ ಹಾಯಿದೋಣಿ ನೋಡುತ್ತಿರುವವರಿಗೆ

ಗೆಳೆಯರೇ, ದೋಣಿಯ ತಳದ ಹಲಗೆ ಪಕ್ಕದ ಹಲಗೆಗೆ ಮೂಲೆಯಾಗಿ ಕೂಡುವ ಅಂಚೇ ಚೈನ್ (chine). 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ರೂಪಿಸಿದ ಮಕ್ಕಳ ಪುಟ್ಟ ಹಾಯಿದೋಣಿ ಆಪ್ಟಿಮಿಸ್ಟ್‌ಗೂ ಇಂಥದ್ದೇ ಅಂಚು. ಪ್ಲೈವುಡ್ ಒಂದು ದಿಕ್ಕಿಗಷ್ಟೇ ಸಲೀಸಾಗಿ ಬಾಗುತ್ತದೆ, ಅದಕ್ಕೇ ಈ ಆಕಾರ. ಮನೆಯಲ್ಲೂ ಕಟ್ಟಬಹುದಿತ್ತು. ಈಗ ಫೈಬರ್‌ಗ್ಲಾಸ್ ಬಂದರೂ ಅಂಚು ಹಾಗೇ ಉಳಿದಿದೆ.

ಮಗು ಹತ್ತಿದಾಗ ಇಂಥ ದೋಣಿ ಜಾಸ್ತಿ ಓಲಾಡುವುದಿಲ್ಲ. ನನಗೆ ಅದೇ ದೊಡ್ಡ ಸಮಾಧಾನ. ಆದರೆ ಗಾಳಿ ಕಡಿಮೆಯಿದ್ದರೆ ಚಪ್ಪಟೆ ತಳ ನೀರಿಗೆ ಅಂಟಿಕೊಂಡ ಹಾಗೆ ನಿಧಾನ. ಆಗ ಸ್ವಲ್ಪ ಮುಂದೆ ಸರಿದು ಕೂತು, ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಲು ಹೇಳಿ. ನೀರು ತಾಗುವ ಜಾಗ ಕಡಿಮೆಯಾಗುತ್ತದೆ. ಸಣ್ಣ ಅಲೆಗಳಿದ್ದರೆ ಮೂತಿಯ ಕೆಳಗೆ ಪಟಪಟ ಬಡಿಯುತ್ತದೆ, ವೇಗವೂ ತಗ್ಗುತ್ತದೆ.

ಹಳೆಯ ಮರದ ದೋಣಿ ಕೊಳ್ಳುವುದಾದರೆ ಅಂಚಿನುದ್ದಕ್ಕೂ ಬೆರಳಾಡಿಸಿ ನೋಡಿ. ದಡಕ್ಕೆ ಎಳೆದಾಗ ಮೊದಲು ಸವೆಯುವುದು ಅದೇ ಅಲ್ವಾ. ಬಣ್ಣ ಕಿತ್ತು ಮರ ಮೆತ್ತಗಾಗಿದ್ದರೆ ಖಂಡಿತ ಬೇಡ.