ಬಾಗಲಕೋಟೆ ಬಸ್ಸಿನ ಕಾಕಾಗೆ

ಕಾಕಾ, ನಿಮ್ಮ ಹೆಸರು ಕೇಳೋದೇ ಮರೆತೆ. ಬೆಳಗಾವಿಯಿಂದ ಬಾಗಲಕೋಟೆಗೆ ಹೊರಟ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವರು ನೀವು.

ಟೊರೊಂಟೊದಲ್ಲಿ ಸಂಜೆ 7ಕ್ಕೆ ಶುರುವಾದ ಐಸ್ ಹಾಕಿ ಪ್ಲೇಆಫ್ ಪಂದ್ಯ ನಮಗೆ ನಸುಕಿನ 4:30ಕ್ಕೆ. ನಮ್ಮ ಟೊರೊಂಟೊ ತಂಡ ಮೇಪಲ್ ಲೀಫ್ಸ್, ಐಸ್ ಹಾಕಿಯ ದೊಡ್ಡ ಟ್ರೋಫಿ ಸ್ಟ್ಯಾನ್ಲಿ ಕಪ್ ಕೊನೆಗೆ ಗೆದ್ದಿದ್ದು 1967ರಲ್ಲಿ. ಒಂದು ಪಂದ್ಯ ಬಿಡೋಕೂ ಮನಸ್ಸು ಬರಲ್ಲ. ಕೊನೆಯ 20 ನಿಮಿಷದ ಆಟ ಶುರುವಾಗುವಾಗಲೇ ಮೊಬೈಲ್ ಆಫ್ ಆಯ್ತು.

ನೀವು ಕೈಚೀಲದಲ್ಲಿದ್ದ ರೊಟ್ಟಿ ಗಂಟಿನ ಕೆಳಗಿಂದ ಪವರ್ ಬ್ಯಾಂಕ್ ತೆಗೆದಿರಿ. "ಮಗಾ ಕೊಟ್ಟಾನ, ಹಚ್ಚಕೋ ತಮ್ಮಾ" ಅಂದಿರಿ. ಆಮೇಲೆ ಭುಜಕ್ಕೆ ಭುಜ ತಾಗಿಸಿ ನೀವೂ ನೋಡಿದಿರಿ. "ಚೆಂಡ ಎಲ್ಲೈತೋ?" ಚೆಂಡಲ್ಲ ಕಾಕಾ, ಕರಿ ರಬ್ಬರ್ ಬಿಲ್ಲೆ, ಪಕ್ ಅಂತಾರೆ ಅಂದೆ. ನಮ್ಮವರು ಗೋಲ್ ಹೊಡೆದಾಗ ನನಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ನೀವೇ!

ಲೋಕಾಪುರದಲ್ಲಿ ನೀವು ಇಳಿಯುವ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ತುಂಬಾ ಥ್ಯಾಂಕ್ಸ್ ಕಾಕಾ.