ಗುಡುಗು ಕೇಳುತ್ತದೆ, ಮಾತು ಕೇಳುವುದಿಲ್ಲ

ಮಾನ್ಯ ಸಂಪಾದಕರೇ,

ಬ್ರಹ್ಮಾವರ, ಬಾರ್ಕೂರು, ಸಂತೆಕಟ್ಟೆ ಆಸುಪಾಸಿನ ಮನೆಗಳಿಗೆ ವೈರಿಂಗ್ ಮಾಡುತ್ತಾ ನನಗೆ ಇಪ್ಪತ್ತೇಳು ವರ್ಷವಾಯಿತು. ಅದಕ್ಕೂ ಮೊದಲು ನಾಲ್ಕು ವರ್ಷ ಮೈಕ್ ಸೆಟ್ಟಿನ ಅಂಗಡಿಯಲ್ಲಿದ್ದೆ. ಮದುವೆ, ಭೂತದ ಕೋಲ, ಯಕ್ಷಗಾನದ ಆಟ ಎಂದು ಊರೂರು ತಿರುಗಿ, ತೆಂಗಿನ ಮರ ಹತ್ತಿ ಹಾರ್ನ್ ಕಟ್ಟಿದ್ದೇನೆ. ಈಚೆಗೆ ಮನೆ ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ, ಹೋದಲ್ಲೆಲ್ಲ ಹಾಲ್‌ನಲ್ಲಿ ಹೋಮ್ ಥಿಯೇಟರ್ ಕಾಣಿಸುತ್ತದೆ. ಒಕ್ಕಲು ಮುಗಿದು ಎರಡು ಮೂರು ತಿಂಗಳಾಗುವಷ್ಟರಲ್ಲಿ ಅದೇ ಮನೆಯಿಂದ ಫೋನ್ ಬರುತ್ತದೆ: ‘ಸೆಟ್ ದುಬಾರಿಯದೇ, ಆದರೆ ಏನೋ ಸರಿಯಿಲ್ಲ. ಒಮ್ಮೆ ಬಂದು ನೋಡಿ.’ ಹೋಗಿ ನೋಡಿದರೆ ತೊಂದರೆ ಹೆಚ್ಚಾಗಿ ಒಂದೇ. ಅಬ್ಬರಕ್ಕೆ ಬೇಕಾದ ಏರ್ಪಾಡೆಲ್ಲ ಇರುತ್ತದೆ, ಮಾತು ಕೇಳಿಸುವುದಕ್ಕೆ ಬೇಕಾದದ್ದನ್ನು ಮಾತ್ರ ಯಾರೂ ಮಾಡಿರುವುದಿಲ್ಲ. ಈ ಬಗ್ಗೆ ನಿಮ್ಮ ಓದುಗರಿಗೆ ನಾಲ್ಕು ಮಾತು ಹೇಳಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು.

ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಬಾರ್ಕೂರಿನ ಹತ್ತಿರ ಒಂದು ಹಳೆಯ ಹೆಂಚಿನ ಮನೆಗೆ ಹೋಗಿದ್ದೆ. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಮ್ಮ ಒಬ್ಬರೇ. ಮಗ ಮಸ್ಕತ್‌ನಲ್ಲಿ. ರಜೆಗೆ ಬಂದಾಗ ತಾಯಿಗೆ ಹೊತ್ತು ಹೋಗಲಿ ಎಂದು ದೊಡ್ಡ ಟಿವಿ, ಐದು ಸ್ಪೀಕರ್, ಮಂದ್ರ ಸದ್ದಿಗೆಂದೇ ಇರುವ ಒಂದು ಸಬ್‌ವೂಫರ್ ತಂದುಕೊಟ್ಟು ಹೋಗಿದ್ದರು. 5.1 ಎನ್ನುವುದು ಇದನ್ನೇ. ಅಂಗಡಿಯವರು ಬಂದು ಒಂದು ಗಂಟೆಯಲ್ಲಿ ಜೋಡಿಸಿ ಹೋದರಂತೆ. ಅಮ್ಮ ಅದನ್ನು ಬಂದ್ ಮಾಡಿ, ಟಿವಿಯದೇ ಸ್ಪೀಕರ್ ಹಾಕಿಕೊಂಡು, ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆ ನೋಡುತ್ತಿದ್ದರು. ಯಾಕೆ ಎಂದು ಕೇಳಿದೆ. ‘ಇದರಲ್ಲಿ ಗುಡುಗು ಕೇಳುತ್ತದೆ, ಮಾತು ಕೇಳುವುದಿಲ್ಲ. ಕಾಲು ಎಂದರೋ, ಸಾಲು ಎಂದರೋ, ಹಾಲು ಎಂದರೋ ಗೊತ್ತಾಗುವುದಿಲ್ಲ. ಮಗನಿಗೆ ಹೇಳಿದರೆ ಬೇಸರ ಮಾಡಿಕೊಳ್ಳುತ್ತಾನೆ’ ಎಂದರು.

ನೋಡಿದೆ. ಎಡಬಲದ ಎರಡು ಸ್ಪೀಕರ್‌ಗಳು ಶೋಕೇಸಿನ ನೆತ್ತಿಯ ಮೇಲೆ, ಏಳು ಅಡಿ ಎತ್ತರದಲ್ಲಿ, ಫ್ಯಾನಿಗೆ ಮುಖ ಮಾಡಿ ಕುಳಿತಿದ್ದವು. ಹಿಂದೆ ಇರಬೇಕಾದ ಎರಡು, ವೈರ್ ಸಾಲದೆ, ಟಿವಿಯ ಪಕ್ಕದಲ್ಲೇ ಇದ್ದವು. ಸಬ್‌ವೂಫರ್ ಮೂಲೆಯಲ್ಲಿತ್ತು, ಅದರ ತೂತಿನೊಳಗೆ ಎರಡು ಹಲ್ಲಿ ಮೊಟ್ಟೆ. ನಡುವಿನ ಸ್ಪೀಕರ್ ಎಲ್ಲಿ ಎಂದು ಹುಡುಕಬೇಕಾಯಿತು. ಅದು ಶೋಕೇಸಿನ ಗಾಜಿನ ಬಾಗಿಲ ಹಿಂದೆ, ಯಜಮಾನರಿಗೆ ಸಿಕ್ಕಿದ್ದ ಸನ್ಮಾನದ ಫಲಕದ ಹಿಂಬದಿಯಲ್ಲಿತ್ತು. ಗಾಜು ಮುಚ್ಚಿತ್ತು.

ಸಿನಿಮಾದ ಸಂಭಾಷಣೆಯ ಬಹುಪಾಲು ಬರುವುದು ಆ ನಡುವಿನ ಒಂದೇ ಸ್ಪೀಕರಿನಿಂದ. ಅದಕ್ಕೆ ಗಾಜು ಮುಚ್ಚುವುದೆಂದರೆ ಭಾಗವತರ ಬಾಯಿಗೆ ಬಟ್ಟೆ ಕಟ್ಟಿ ಪದ ಹೇಳಿಸಿದಂತೆ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ಸಣ್ಣ, ತೀಕ್ಷ್ಣವಾದ ಸದ್ದುಗಳು. ಸ, ಶ, ತ, ಕ ಎಂಬ ವ್ಯಂಜನಗಳ ಗುರುತು ಇರುವುದು ಅಲ್ಲಿಯೇ. ಗಾಜಿನ ಬಾಗಿಲು ತಡೆಯುವುದೂ ಅದನ್ನೇ. ಮಂದ್ರದ ಗುಂಯ್ ಎನ್ನುವ ಸದ್ದು ಗಾಜನ್ನು ದಾಟಿ ಬರುತ್ತದೆ, ‘ಸಾಲು’ ಎನ್ನುವಲ್ಲಿನ ‘ಸ’ ಒಳಗೇ ಉಳಿಯುತ್ತದೆ. ಆಗ ಎಲ್ಲರೂ ಮಾಡುವುದು ವಾಲ್ಯೂಮ್ ಏರಿಸುವುದು. ಏರಿಸಿದರೆ ಆ, ಓ ಎಂಬ ಸ್ವರಗಳು ಬೊಬ್ಬೆ ಹಾಕುತ್ತವೆ, ವ್ಯಂಜನ ಇದ್ದಲ್ಲೇ ಇರುತ್ತದೆ. ಅಮ್ಮನ ಕಿವಿ ಮಂದವಾಗಿದೆ ಎಂದು ಮನೆಯವರು ತೀರ್ಮಾನ ಮಾಡುತ್ತಾರೆ. ಕಿವಿ ಸ್ವಲ್ಪ ಮಂದವಾಗಿರುವುದು ನಿಜವಿರಬಹುದು, ಆದರೆ ಉಳಿದಿರುವ ಕಿವಿಗೂ ಮಾತು ತಲುಪದಂತೆ ನಾವೇ ಅಡ್ಡ ಇಟ್ಟರೆ ಹೇಗೆ?

ಫಲಕವನ್ನು ಅಮ್ಮನೇ ಸೆರಗಿನಿಂದ ಒರೆಸಿ ದೇವರ ಕೋಣೆಯ ಗೋಡೆಗೆ ಇಟ್ಟರು. ನಡುವಿನ ಸ್ಪೀಕರನ್ನು ಟಿವಿಯ ಕೆಳಗೆ, ಹಲಗೆಯ ಅಂಚಿಗೆ ಸರಿಯಾಗಿ ತಂದು, ಕೆಳಗೊಂದು ಮರದ ಚೂರು ಕೊಟ್ಟು, ಮುಖ ಅಮ್ಮನ ಕಿವಿಯ ಕಡೆಗೆ ಎತ್ತಿದೆ. ಅವರು ಕೂರುತ್ತಿದ್ದ ಕುರ್ಚಿ ಹಿಂದಿನ ಗೋಡೆಗೆ ತಾಗಿಕೊಂಡೇ ಇತ್ತು. ಚಾವಡಿಯ ಅಗಲ ಹನ್ನೊಂದು ಅಡಿ. ಅಷ್ಟು ಅಗಲದ ಕೋಣೆಯಲ್ಲಿ ಸೆಕೆಂಡಿಗೆ ಸುಮಾರು 51 ಕಂಪನಗಳ ಮಂದ್ರ ಸದ್ದು ಎದುರುಬದುರಿನ ಎರಡು ಗೋಡೆಗಳ ನಡುವೆ ಪುಟಿಯುತ್ತಾ ಅಲ್ಲೇ ಉಳಿದುಬಿಡುತ್ತದೆ. ಗೋಡೆಗೆ ಒರಗಿ ಕುಳಿತವರಿಗೆ ಅದು ಅತಿ ಜೋರಾಗಿ, ನಡುವೆ ಕುಳಿತವರಿಗೆ ಕಡಿಮೆಯಾಗಿ ಕೇಳುತ್ತದೆ. ಅಮ್ಮ ಹೇಳಿದ ಗುಡುಗು ಇದೇ. ಕುರ್ಚಿಯನ್ನು ಎರಡು ಅಡಿ ಮುಂದೆ ಎಳೆದೆವು. ಈಗ ಟಿವಿಗೂ ಕುರ್ಚಿಗೂ ಎಂಟು ಅಡಿ. ನೂಲು ಹಿಡಿದು ಎಡ ಬಲದ ಸ್ಪೀಕರ್‌ಗಳ ನಡುವೆಯೂ, ಪ್ರತಿ ಸ್ಪೀಕರಿನಿಂದ ಕುರ್ಚಿಗೂ ಎಂಟು ಅಡಿ ಬರುವಂತೆ ಅಳೆದು, ಅಟ್ಟದಲ್ಲಿದ್ದ ಎರಡು ಹಲಸಿನ ಮರದ ಸ್ಟೂಲ್‌ಗಳ ಮೇಲೆ ಕಿವಿಯ ಎತ್ತರಕ್ಕೆ ಇಟ್ಟೆ. ಮೂರು ಬದಿಯೂ ಸಮವಾದ ತ್ರಿಕೋನ ಎಂದರೆ ಲೆಕ್ಕ ಸುಲಭ. ಹೊಸ ವೈರ್ ಎಳೆದು ಉಳಿದ ಎರಡನ್ನು ಕುರ್ಚಿಯ ಎರಡು ಪಕ್ಕ, ಸ್ವಲ್ಪವೇ ಹಿಂದಕ್ಕೆ ಸರಿಸಿದೆ.

ಇಷ್ಟಾದರೂ ಎಡಗಡೆಯಿಂದ ಬರುವ ಸದ್ದಿಗೆ ಹುರುಳಿಲ್ಲ ಅನ್ನಿಸಿತು. ಜೇಬಿನಲ್ಲಿದ್ದ ಒಂದೂವರೆ ವೋಲ್ಟಿನ ಸೆಲ್ ತೆಗೆದು, ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆಯಾದ ರಿಸೀವರಿನಿಂದ ಬಿಡಿಸಿದ ವೈರ್ ತುದಿಗೆ ಒಂದು ಕ್ಷಣ ತಾಗಿಸಿದೆ. ಸೆಲ್ಲಿನ ಪ್ಲಸ್ ಕೆಂಪಿಗೆ ತಾಗಿದಾಗ ಸ್ಪೀಕರಿನ ಕಾಗದ ಹೊರಕ್ಕೆ ಉಬ್ಬಬೇಕು. ಇದು ಒಳಕ್ಕೆ ಸರಿಯಿತು. ಕೆಂಪು ಕಪ್ಪು ಅದಲು ಬದಲಾಗಿತ್ತು. ಒಂದು ಸ್ಪೀಕರ್ ದೂಡುವಾಗ ಇನ್ನೊಂದು ಎಳೆಯುತ್ತಿದ್ದರೆ ಎರಡರ ಸದ್ದು ಒಂದನ್ನೊಂದು ತಿನ್ನುತ್ತದೆ. ಮೈಕ್ ಸೆಟ್ಟಿನ ಅಂಗಡಿಯಲ್ಲಿ ನನಗೆ ಕಲಿಸಿದ ಮೊದಲ ಪಾಠವೇ ಇದು. ಈ ಪರೀಕ್ಷೆಗೆ ಐದು ನಿಮಿಷವೂ ಬೇಡ.

ಇನ್ನೊಂದು ಕೆಲಸ ರಿಮೋಟಿನದು. ಯೂಟ್ಯೂಬಿನಲ್ಲಿ ಬರುವ ತಾಳಮದ್ದಳೆಗೆ ಇರುವುದು ಸಾಮಾನ್ಯವಾಗಿ ಎಡ ಬಲ ಎಂದು ಎರಡೇ ಧ್ವನಿಪಥ. ರಿಸೀವರ್ ‘ಸ್ಟೀರಿಯೊ’ದಲ್ಲಿದ್ದರೆ ನಡುವಿನ ಸ್ಪೀಕರ್ ಮೌನವಾಗಿರುತ್ತದೆ. ‘ಡಾಲ್ಬಿ ಸರೌಂಡ್’ಗೆ ಇಟ್ಟರೆ ಎರಡೂ ಪಥಗಳಲ್ಲಿ ಸಮಾನವಾಗಿ ಇರುವ ಧ್ವನಿ, ಎಂದರೆ ಹೆಚ್ಚಾಗಿ ಮಾತು, ನಡುವಿಗೆ ಬರುತ್ತದೆ. ನಡುವಿನದನ್ನು ಮೂರು ಡೆಸಿಬಲ್ ಏರಿಸಿದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ನಡುವೆ ಭಾಗವತರು, ಎರಡು ಬದಿಗೆ ಎದುರುಬದುರಾಗಿ ಪಾತ್ರಗಳ ಮಾತು ಹೇಳುವ ಅರ್ಥಧಾರಿಗಳು. ಇದೇ ಚಾವಡಿಯಲ್ಲಿ ಹಿಂದೆ ಮಳೆಗಾಲದ ರಾತ್ರಿಗಳಲ್ಲಿ ಕೂಟ ನಡೆಯುತ್ತಿತ್ತಂತೆ. ಹೀಗೆ ಜೋಡಿಸಿದ ಮೇಲೆ ಅರ್ಥಧಾರಿಯೊಬ್ಬರು ಮಾತು ಎತ್ತಿದರು. ಅಮ್ಮ ಎರಡು ನಿಮಿಷ ಸುಮ್ಮನೆ ಕೇಳಿದರು. ಆಮೇಲೆ ಕೈ ಆಡಿಸಿ, ‘ಸಣ್ಣ ಮಾಡಿ, ಇಷ್ಟು ಜೋರು ಬೇಡ’ ಎಂದರು. ಅರವತ್ತರಲ್ಲಿದ್ದ ವಾಲ್ಯೂಮ್ ನಲವತ್ತಕ್ಕೆ ಬಂತು. ಹೊರಗೆ ಮಳೆ ಸುರಿಯುತ್ತಿತ್ತು, ಆದರೂ ನಲವತ್ತು ಸಾಕಾಯಿತು.

ಒಟ್ಟು ಎರಡೂವರೆ ಗಂಟೆಯ ಕೆಲಸ. ಹೊಸದಾಗಿ ಕೊಂಡದ್ದು ವೈರ್ ಮಾತ್ರ, ಒಂದೂವರೆ ಚದರ ಮಿಲಿಮೀಟರಿನ ತಾಮ್ರದ್ದು.

ಇದನ್ನು ಮಾರುವಾಗಲೇ ಮಾಡಲು ಏನು ಅಡ್ಡಿ? ಅಂಗಡಿಗೆ ಹೋದವರಿಗೆ ಮೊದಲು ತೋರಿಸುವುದು ಪೆಟ್ಟಿಗೆಯ ಮೇಲೆ ಅಚ್ಚಾದ ಸಾವಿರಾರು ವಾಟ್. ಪಿಎಂಪಿಒ ಎಂದು ಬರೆದ ಆ ಅಂಕಿಗೆ ಒಪ್ಪಿತ ಅಳತೆಯೇ ಇಲ್ಲ. ಕೇಳಬೇಕಾದದ್ದು ಆರ್‌ಎಂಎಸ್ ವಾಟ್, ಎಂದರೆ ಸೆಟ್ ಎಡೆಬಿಡದೆ ಕೊಡಬಲ್ಲ ಬಲ. ಅದಕ್ಕೂ ಮೊದಲು ಅಂಗಡಿಯವರು ಗಿರಾಕಿಯನ್ನು ಕೇಳಬೇಕಾದ ಪ್ರಶ್ನೆಗಳಿವೆ: ಹಾಲ್ ಎಷ್ಟು ಅಡಿ, ನೆಲ ಯಾವುದು, ಮಾಡು ಹೆಂಚಿನದೋ ಸ್ಲ್ಯಾಬೋ, ಮನೆಯಲ್ಲಿ ಹಿರಿಯರಿದ್ದಾರೆಯೇ, ಅವರು ಎಲ್ಲಿ ಕೂರುತ್ತಾರೆ. ನಮ್ಮ ಹೊಸ ಮನೆಗಳ ಹಾಲ್‌ನಲ್ಲಿ ನೆಲಕ್ಕೆ ನುಣುಪು ಟೈಲ್ಸ್, ಕಿಟಕಿಗೆ ದೊಡ್ಡ ಗಾಜು, ಬೋಳು ಗೋಡೆ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿ, ಝಣ್ ಎಂದು ಬಾಲ ಬಿಟ್ಟಂತೆ ಸದ್ದು ಉಳಿಯುತ್ತದೆ. ಅಂಥ ಕೋಣೆಯಲ್ಲಿ ಒಂದು ಮಾತಿನ ಮೇಲೆ ಇನ್ನೊಂದು ಮಾತು ಬಿದ್ದು ಎರಡೂ ಕೆಡುತ್ತವೆ. ದೊಡ್ಡ ಜಮಖಾನ, ದಪ್ಪ ಬಟ್ಟೆಯ ಪರದೆ, ಒಂದು ಗೋಡೆಗೆ ತುಂಬಿದ ಪುಸ್ತಕದ ಕಪಾಟು ಇದ್ದರೆ ಅರ್ಧ ತೊಂದರೆ ಹೋಯಿತು. ಹೆಂಚಿನ ಮಾಡಿನ ಹಳೆಯ ಚಾವಡಿಯಲ್ಲಿ ಮಾಡು ಓರೆಯಾಗಿರುವುದರಿಂದ ನೆಲಕ್ಕೂ ಮಾಡಿಗೂ ನಡುವೆ ಸದ್ದು ಹೀಗೆ ಪುಟಿಯುತ್ತಾ ಉಳಿಯುವುದಿಲ್ಲ. ಅದೇ ಕಾರಣಕ್ಕೆ, ಸದ್ದನ್ನು ಮೇಲಕ್ಕೆ ಚಿಮ್ಮಿಸಿ ಚಾವಣಿಯಿಂದ ಮರಳಿ ಕೆಳಗಿಳಿಸುವ ಅಟ್ಮಾಸ್ ಸ್ಪೀಕರ್ ಆ ಮನೆಗಳಿಗೆ ಆಗದು. ಅದಕ್ಕೆ ಚಪ್ಪಟೆ ಚಾವಣಿ ಬೇಕು. ಇದು ಗೊತ್ತಿಲ್ಲದೆ ಹೆಚ್ಚಿನ ದುಡ್ಡು ಕೊಟ್ಟು ತಂದವರನ್ನು ಕಂಡಿದ್ದೇನೆ.

ಮನೆ ಕಟ್ಟಿಸುವವರಲ್ಲಿ ಒಂದು ವಿನಂತಿ ಇದೆ, ಇದು ನನಗೆ ಬಹಳ ಮುಖ್ಯ. ಗೋಡೆಯ ಸಾರಣೆಗೆ, ಎಂದರೆ ಪ್ಲಾಸ್ಟರಿಂಗಿಗೆ, ಮೊದಲು ಸ್ಪೀಕರಿನ ವೈರಿಗೂ ಪೈಪ್ ಹಾಕಿಸಿ. ಕಳೆದ ವರ್ಷ ಸಂತೆಕಟ್ಟೆಯಲ್ಲಿ ಒಕ್ಕಲಾಗಿ ಮೂರೇ ತಿಂಗಳಾದ ಮನೆಯ ಗೋಡೆ ಕೊರೆಯಬೇಕಾಯಿತು. ಮುರಕಲ್ಲಿನ ಕೆಂಪು ಹುಡಿ ಹೊಸ ಬಣ್ಣದ ಮೇಲೆ, ಸೋಫಾದ ಮೇಲೆ, ತೊಟ್ಟಿಲಿನ ಪರದೆಯ ಮೇಲೆ ಕೂತಿತು. ಮನೆಯಾಕೆ ಮಗುವನ್ನು ಎತ್ತಿಕೊಂಡು ಹೊರಗೆ ನಿಂತಿದ್ದರು, ಏನೂ ಹೇಳಲಿಲ್ಲ. ನನಗೆ ಆ ದಿನ ಊಟ ಸೇರಲಿಲ್ಲ. ಕೆಲವು ನೂರು ರೂಪಾಯಿಯ ಪೈಪಿನಲ್ಲಿ ಮುಗಿಯಬೇಕಾದ ಕೆಲಸವದು. ಟಿವಿಯ ಹಿಂದಿನಿಂದ ರಿಸೀವರ್ ಇಡುವ ಜಾಗಕ್ಕೆ ಒಂದೂವರೆ ಇಂಚಿನ ಪೈಪ್ ಬೇಕು. ಮುಕ್ಕಾಲು ಇಂಚು ಹಾಕಿದರೆ ಎಚ್‌ಡಿಎಂಐ ಕೇಬಲಿನ ತಲೆ ತಿರುವಿನಲ್ಲಿ ಸಿಕ್ಕಿಬೀಳುತ್ತದೆ. ಕೂರುವ ಜಾಗದ ಹಿಂದಿನ ಗೋಡೆಗೆ ಎರಡು ಪೈಪ್, ಕರೆಂಟಿನ ಪೈಪಿಗಿಂತ ಬೇರೆಯಾಗಿ. ಒಳಗೆ ಒಂದು ತಂತಿ ಬಿಟ್ಟಿರಲಿ, ಮುಂದೆ ಏನೇ ಎಳೆಯುವುದಿದ್ದರೂ ಅದು ಸಾಕು. ನಕ್ಷೆ ಬರೆಯುವ ಎಂಜಿನಿಯರರು ಫ್ಯಾನಿಗೆ, ಎಸಿಗೆ ಗುರುತು ಹಾಕುವಂತೆ ಇದಕ್ಕೂ ಹಾಕಿದರೆ ನನ್ನಂಥವರ ಉಳಿ ಸುತ್ತಿಗೆಗೆ ಕೆಲಸ ಕಡಿಮೆಯಾಗುತ್ತದೆ, ಆಗಲಿ. ಪಡುವಣ ಗೋಡೆಗೆ ಮಳೆ ನೇರ ಬಡಿಯುವ ಮನೆಯಾದರೆ ಸ್ಪೀಕರನ್ನು ಆ ಗೋಡೆಗೆ ತಾಗಿಸಬೇಡಿ, ಹಿಂಬದಿಯಲ್ಲಿ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಸೆಟ್ ಓಡಿಸುತ್ತಿರಿ.

ಅರ್ತಿಂಗ್ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿದ ಮೇಲೆಯೇ ಸೆಟ್ ಜೋಡಿಸಬೇಕು. ನಮ್ಮಲ್ಲಿ ಮಳೆಗಾಲಕ್ಕೆ ಮೊದಲು ಏಪ್ರಿಲ್, ಮೇ, ಮತ್ತೆ ಅಕ್ಟೋಬರಿನಲ್ಲಿ ಸಿಡಿಲಿನ ಕಾಟ. ‘ಪ್ಲಗ್ ತೆಗೆದಿದ್ದೆವು, ಆದರೂ ಸುಟ್ಟಿತು’ ಎನ್ನುವ ಮನೆಗಳಿಗೆ ಹೋದಾಗ ಡಿಶ್ ಕೇಬಲ್ ಹಾಗೆಯೇ ಟಿವಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಗುಡುಗು ಶುರುವಾಗುವ ಮೊದಲೇ ಅದನ್ನೂ, ಇಂಟರ್ನೆಟ್ಟಿನ ತಾಮ್ರದ ವೈರನ್ನೂ ಬಿಡಿಸಬೇಕು.

ಫ್ಲ್ಯಾಟ್‌ನಲ್ಲಿರುವವರಿಗೆ ಒಂದು ಮಾತು. ಮಂದ್ರ ಸದ್ದಿಗೆ ಸ್ಲ್ಯಾಬ್ ಅಡ್ಡಿಯಲ್ಲ. ಸಬ್‌ವೂಫರಿನ ಕೆಳಗೆ ದಪ್ಪ ರಬ್ಬರ್ ಹಾಸಿ, ಮೂಲೆಯಿಂದ ಹೊರಗೆ ತನ್ನಿ. ಅದನ್ನು ಎಲ್ಲಿಡಬೇಕೆಂದು ತಿಳಿಯದಿದ್ದರೆ ನೀವು ಕೂರುವ ಜಾಗದಲ್ಲೇ ಅದನ್ನಿಟ್ಟು, ಹಾಡು ಹಾಕಿ, ಗೋಡೆಯುದ್ದಕ್ಕೂ ಬಗ್ಗಿ ನಡೆಯಿರಿ. ಸದ್ದು ಎಲ್ಲಿ ಗುಂಯ್ ಎನ್ನದೆ ಒಂದೇ ಸಮನಾಗಿ ಕೇಳುತ್ತದೋ ಅಲ್ಲಿ ಇಟ್ಟರಾಯಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಮನೆಯ ಸೆಟ್ಟಿಗೂ ಈ ನಿಯಮಗಳು ಅನ್ವಯಿಸುತ್ತವೆ. ರಾತ್ರಿ ನೋಡುವವರಿಗೆ ರಿಸೀವರಿನಲ್ಲಿ ‘ನೈಟ್ ಮೋಡ್’ ಇರುತ್ತದೆ. ಅದು ಸ್ಫೋಟದ ಸದ್ದನ್ನು ತಗ್ಗಿಸಿ ಪಿಸುಮಾತನ್ನು ಏರಿಸುತ್ತದೆ. ಪಕ್ಕದ ಮನೆಯ ಪರೀಕ್ಷೆಯ ಮಕ್ಕಳಿಗೂ, ನಿಮ್ಮ ಮನೆಯ ಹಿರಿಯರಿಗೂ ಅದರಿಂದ ಅನುಕೂಲ.

ದೂರದ ಊರಿನಿಂದ ತಂದೆತಾಯಿಗೆ ಸೆಟ್ ಕೊಡಿಸುವ ಮಕ್ಕಳು ಫೋನಿನಲ್ಲಿ ‘ಸೌಂಡ್ ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ನಿನ್ನೆ ನೋಡಿದ ಪ್ರಸಂಗದಲ್ಲಿ ಏನು ಹೇಳಿದರು ಎಂದು ಕೇಳಿ ನೋಡಿ. ಬಾರ್ಕೂರಿನ ಅಮ್ಮ ಈಗ ಮಸ್ಕತ್‌ನ ಮಗನಿಗೆ ಕೃಷ್ಣನ ಅರ್ಥವನ್ನು ಫೋನಿನಲ್ಲಿ ಹೇಳುತ್ತಾರಂತೆ, ಮೊನ್ನೆ ಮಗನೇ ನನಗೆ ಫೋನ್ ಮಾಡಿ ತಿಳಿಸಿದರು.

ಹಂದಾಡಿಯ ಒಂದು ಹೊಸ ಮನೆಗೆ ಬರುವ ಸೋಮವಾರ ಸಾರಣೆ ಶುರು. ಪೈಪ್ ಹಾಕಲು ಯಜಮಾನರು ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ ಹೋಗಿ, ಅವರ ತಂದೆಯ ಕುರ್ಚಿ ಎಲ್ಲಿ ಬರುತ್ತದೆ ಎಂದು ಕೇಳಿಕೊಂಡು ಗೋಡೆಗೆ ಗುರುತು ಹಾಕಬೇಕು.

ಇಂತು,
ಒಬ್ಬ ವೈರಿಂಗ್ ಕೆಲಸಗಾರ
ಬ್ರಹ್ಮಾವರ, ಉಡುಪಿ ಜಿಲ್ಲೆ