ಬಾವಿಯಿಂದ ಹನ್ನೊಂದು ಹೆಜ್ಜೆ

ಕ್ಯಾಪ್ಟನ್ ಬಂಗುಡೆಯವರಿಗೆ ಸಲಾಂ.

ಹೇಗಿದ್ದೀಯ ಮಾರಾಯ? ಇದನ್ನು ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನೀನು ಮೆಸೇಜಿಗೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗುವವನು. ನಾಲ್ಕು ಜನ ನೋಡುವ ಕಡೆ ಹಾಕಿದರೆ ಉತ್ತರ ಕೊಡಲೇಬೇಕಾಗುತ್ತದೆ, ಅಲ್ವಾ?

ಮಗಳ ಹುಟ್ಟುಹಬ್ಬಕ್ಕೆ ಕಡಲ್ಗಳ್ಳರ ನಿಧಿ ನಕ್ಷೆ ಬೇಕಂತೆ. ಅದೂ ಅಪ್ಪನೇ ಮಾಡಿದ್ದಾಗಬೇಕು. ಮೊದಲು ಪ್ರಿಂಟರಿನ ಹಾಳೆಯನ್ನು ಚಹಾದಲ್ಲಿ ನೆನೆಸಿದೆ. ಎತ್ತುವಾಗಲೇ ನೆನೆದ ಹಪ್ಪಳದ ಹಾಗೆ ಕಿತ್ತು ಬಂತು. ಆಮೇಲೆ ದಪ್ಪ ಡ್ರಾಯಿಂಗ್ ಹಾಳೆ ತಂದೆ. ಅದನ್ನು ಉಂಡೆ ಮಾಡಿ, ಬಿಡಿಸಿ, ಆಮೇಲೆ ಅದ್ದಬೇಕು. ಮಡಿಕೆ ಬಿದ್ದಲ್ಲೆಲ್ಲ ಬಣ್ಣ ಜಾಸ್ತಿ ಹಿಡಿದು ನರಗಳ ಹಾಗೆ ಗೆರೆ ಏಳುತ್ತದೆ. ಚಹಾಕ್ಕೆ ಸಕ್ಕರೆ ಹಾಕಬಾರದು. ಹಾಕಿದರೆ ನಿಧಿ ಹುಡುಕಲು ಮೊದಲು ಇರುವೆ ಬರುತ್ತವೆ, ಅನುಭವದಿಂದ ಹೇಳುತ್ತಿದ್ದೇನೆ. ನಿಂಬೆರಸದಲ್ಲಿ ಒಂದು ಗುಟ್ಟಿನ ಸಾಲು ಬರೆದೆ, ಇಸ್ತ್ರಿ ಆಡಿಸಿದರೆ ಕಂದು ಅಕ್ಷರ ಮೂಡುತ್ತದೆ. ಅಂಚು ಸುಡುವಾಗ ಪಕ್ಕದಲ್ಲಿ ಬಕೆಟ್ ನೀರು ಇತ್ತು. ಛತ್ರಿ ಪ್ರಕರಣ ನಾನು ಮರೆತಿಲ್ಲ.

ಹಾಳೆ ಒಣಗುವಷ್ಟರಲ್ಲಿ ಸುಮ್ನೆ ಓದುತ್ತಾ ಕೂತೆ. ಕಡಲ್ಗಳ್ಳರು ನಿಧಿ ಹೂಳುತ್ತಿದ್ದದ್ದೇ ಅಪರೂಪವಂತೆ. ಹೂತವನೆಂದು ಹೆಸರಾದವನು ವಿಲಿಯಂ ಕಿಡ್. ಅವನು 1697ರಲ್ಲಿ ನಮ್ಮ ಕಾರವಾರಕ್ಕೇ ಬಂದಿದ್ದ ಕಣೋ, ಕಟ್ಟಿಗೆ, ನೀರು ತುಂಬಿಸಿಕೊಳ್ಳಲು! ಬೈತಖೋಲದಲ್ಲಿ ನಾವು ಕಟ್ಟಿಗೆ ಕತ್ತಿ ಹಿಡಿದು ಕುಣಿಯುತ್ತಿದ್ದಾಗ ಇದನ್ನು ಯಾರೂ ಹೇಳಲಿಲ್ಲವಲ್ಲ. 1699ರಲ್ಲಿ ನ್ಯೂಯಾರ್ಕಿನ ಹತ್ತಿರ ಗಾರ್ಡಿನರ್ಸ್ ದ್ವೀಪದಲ್ಲಿ ಹೂತಿಟ್ಟ. ಸರ್ಕಾರದವರು ಅಗೆದು ತೆಗೆದು ಅವನ ವಿರುದ್ಧವೇ ಸಾಕ್ಷಿಗೆ ಕಳಿಸಿದರು. 1701ರಲ್ಲಿ ಲಂಡನ್ನಿನಲ್ಲಿ ಗಲ್ಲು.

ಇನ್ನು ನಿಧಿ ಇರುವಲ್ಲಿ 'X' ಗುರುತು, ಹೆಜ್ಜೆ ಲೆಕ್ಕ ಎಲ್ಲ ಮನೆಮಾತಾದದ್ದು ಸ್ಟೀವನ್‌ಸನ್‌ನ 'ಟ್ರೆಷರ್ ಐಲೆಂಡ್' (ನಿಧಿಯ ದ್ವೀಪ) ಕಾದಂಬರಿಯಿಂದ. 1881ರಲ್ಲಿ ಸ್ಕಾಟ್ಲೆಂಡಿನಲ್ಲಿ, ಮಳೆಯ ದಿನಗಳಲ್ಲಿ, ಮಲಮಗನ ಜೊತೆ ಆಟಕ್ಕೆ ಕೂತಾಗ ಹುಟ್ಟಿದ ನಕ್ಷೆ ಅದು. ಪ್ರಕಾಶಕರಿಗೆ ಕಳಿಸಿದ್ದು ಕಳೆದೇಹೋಯಿತು. ಕಥೆ ನೋಡಿಕೊಂಡು ಇನ್ನೊಂದು ಬರೆಸಬೇಕಾಯಿತು. ಆ ಎರಡನೆಯದು ತನಗೆ ಆ ದ್ವೀಪ ಅನಿಸಲೇ ಇಲ್ಲ ಎಂದು ಅವನೇ ಹೇಳಿಕೊಂಡಿದ್ದಾನೆ.

ನನ್ನದು ಉಲ್ಟಾ ಆಯಿತು.

ಅಪಾರ್ಟ್‌ಮೆಂಟಿನಲ್ಲಿ ಏನಿದೆ ಹೇಳು? ಸಂಪನ್ನು ಬಾವಿ ಮಾಡಿದೆ, ಜನರೇಟರನ್ನು ಬಂಡೆ ಮಾಡಿದೆ. 'ಬಾವಿಯಿಂದ ಹನ್ನೊಂದು ಹೆಜ್ಜೆ, ಎಡಕ್ಕೆ ಮೂರು' ಎಂದು ಬರೆದು ಚೆಂದದ 'X' ಗುರುತು ಹಾಕಿದೆ. ಕೆಳಗಿಳಿದು ಅಳೆದರೆ ಹನ್ನೊಂದನೇ ಹೆಜ್ಜೆ ಯಾರದೋ ಕಾರಿನ ಅಡಿಗೆ ಹೋಯಿತು. ಅಲ್ಲೇ ನಿಂತುಬಿಟ್ಟೆ. ಆ ಅಳತೆ ಈ ಜಾಗದ್ದಲ್ಲ. ಕೋಡಿಬಾಗದ ನಿಮ್ಮ ಹಿತ್ತಿಲಿನದು.

ಮರೆತೇಹೋಗಿದೆ ಎಂದು ಮೂವತ್ತು ವರ್ಷದಿಂದ ಹೇಳುತ್ತಾ ಬಂದವನು ನಾನು.

ಆಗ ನಾವಿಬ್ಬರೂ ಅಲ್ಲಿ ಹೂತಿಟ್ಟ ಬಿಸ್ಕತ್ ಡಬ್ಬಿಯನ್ನು ಸಮುದ್ರ ಒಯ್ಯಲಿಲ್ಲ. ಹೂತ ಮೂರನೇ ದಿನ ನಾನೇ ತೆಗೆದೆ. ಅದರಲ್ಲಿದ್ದ ನಿಮ್ಮಪ್ಪನ ನಿಂತ ವಾಚನ್ನು ರಿಪೇರಿ ಮಾಡಿಸಿ ನಿನ್ನನ್ನು ಬೆರಗುಮಾಡಬೇಕು ಅಂತ. ದೇವರಾಣೆ ಅಷ್ಟೇ. ಅಂಗಡಿಯವ ಅರವತ್ತು ರೂಪಾಯಿ ಅಂದ. ವಾಪಸ್ ಕೇಳಲೂ ನಾಚಿಕೆಯಾಗಿ ಆ ಬೀದಿಗೇ ಹೋಗುವುದು ಬಿಟ್ಟೆ. ಮರು ಬೇಸಿಗೆಯಲ್ಲಿ ನಾಲ್ಕು ಕಡೆ ಅಗೆದೆವಲ್ಲ? ಹಾರೆ ಹಿಡಿದು ಮುಂದೆ ನಿಂತವನೂ ನಾನೇ. ನಿಮ್ಮಪ್ಪ ಹೋದಾಗ ಫೋನಿನಲ್ಲಿ ನೀನು 'ಆ ವಾಚಾದರೂ ಇರಬೇಕಿತ್ತು ಕಣೋ' ಅಂದೆ. ನಾನು ನೆಟ್‌ವರ್ಕ್ ಸರಿಯಿಲ್ಲ ಅಂದೆ. ನೆಟ್‌ವರ್ಕ್ ಸರಿಯಾಗೇ ಇತ್ತು.

ಇಷ್ಟೆಲ್ಲ ಬರೆಯಬೇಕೆಂದು ಕೂತಿರಲಿಲ್ಲ. ಉಳಿದ ಕಡಕ್ ಚಹಾವನ್ನು ಚೆಲ್ಲುವುದೇಕೆ ಅಂತ ಕುಡಿದದ್ದರ ಪ್ರಭಾವ ಇರಬೇಕು.

ನಿಧಿ ಬೇಟೆಯ ವರದಿ: ಆರು ನಿಮಿಷದಲ್ಲಿ ಮುಗಿಯಿತು. ಮಕ್ಕಳು ನಕ್ಷೆ ಬಿಚ್ಚಿ ನೋಡಲೇ ಇಲ್ಲ, ಸೀದಾ ಸೆಕ್ಯುರಿಟಿಯವರನ್ನು ಕೇಳಿದವು. ಅವರು ಬೆರಳು ತೋರಿಸಿಬಿಟ್ಟರು. 'ಅಪ್ಪ, ನಿನ್ನ ನಕ್ಷೆ ಹಳಸಿದ ಚಹಾ ವಾಸನೆ' ಎಂದು ಮಗಳ ಸರ್ಟಿಫಿಕೇಟು.

ಊರಿಗೆ ಬಂದಾಗ ಮೀನೂಟ ನನ್ನ ಲೆಕ್ಕ. ಅರವತ್ತು ರೂಪಾಯಿಗೆ ಬಡ್ಡಿ ಮಾತ್ರ ಹಾಕಬೇಡ.

ನಿನ್ನ,
ಅರ್ಧ ಟಿಕೆಟ್